ಒಂಟಿಕಾಲಿನ ಕೊಕ್ಕರೆ

"ಕೈ ತೆಗಿ! ಆ ಕೌದಿ ಮೇಲಿಂದ ಕೈ ತೆಗಿ ಅಂದೆ!"

ಡೋಯಲ್ ಪೆಟಸ್‌ನ ಕೂಗು ಅವನಿಗಿಂತ ಮೊದಲೇ ಗೇಟು ದಾಟಿ ಬಂತು. ಆಮೇಲೆ ಅವನ ಊರುಗೋಲು ಬಂತು, ಅದರ ಹಿಂದೆ ಹೊಟ್ಟೆ, ಕೊನೆಗೆ ಅವನು. ಎಂಬತ್ತನಾಲ್ಕರ ಮುದುಕ, ಬೆಳಗಿನ ಎಂಟೂವರೆಗೇ ಮುಖ ಕೆಂಡವಾಗಿತ್ತು. ಹಿತ್ತಿಲಿನ ನಡುವೆ ನಿಂತಿದ್ದ ಆರ್ಫಾ ಟಿಡ್ವೆಲ್ ಕೈ ತೆಗೆಯಲಿಲ್ಲ. ಕೌದಿಯ ಎರಡು ಅಂಚು ಹಿಡಿದು, ಮದುಮಗಳ ಮುಸುಕು ಸರಿಸುವಷ್ಟು ನಾಜೂಕಾಗಿ ಎತ್ತಿ, ಮಡಿಚಿ, ಕುರ್ಚಿಯ ಬೆನ್ನಿಗೆ ಹಾಕಿದಳು.

ಒಳಗಿದ್ದದ್ದು ಒಂದು ಗ್ಯಾಸ್ ಒಲೆ, ಅಂಗಳದಲ್ಲಿ ಮಾಂಸ ಸುಡುವುದಕ್ಕೆಂದು ಮಾಡಿದ್ದು. ನೆಲದಲ್ಲಿ ಹೂತ ಒಂದೇ ಒಂದು ಕಬ್ಬಿಣದ ಕಂಬ, ಕಂಬದ ತಲೆಯ ಮೇಲೆ ಎರಕದ ಅಲ್ಯೂಮಿನಿಯಂ ಪೆಟ್ಟಿಗೆ, ಪೆಟ್ಟಿಗೆಗೆ ಬೆನ್ನು ಬಾಗಿದ ಮುಚ್ಚಳ, ಮುಚ್ಚಳದ ಹಣೆಯ ಮೇಲೆ ಕೊಕ್ಕರೆಯ ಉಬ್ಬುಚಿತ್ರ. ಮಾರ್ಲೋ ಬೆಂಡ್ ಊರಿನ ಹೆರನ್ ಕಾರ್ಖಾನೆಯಲ್ಲಿ ಇಂಥವು ಲಕ್ಷಗಟ್ಟಲೆ ಹುಟ್ಟಿ ಅರ್ಕನ್ಸಾದಿಂದ ದೇಶದ ಮೂಲೆಮೂಲೆಗೆ ಹೋಗಿದ್ದವು. ಒಂಟಿಕಾಲಲ್ಲಿ ನಿಲ್ಲುವ ಇದನ್ನು ಊರಿನವರು ಯಾರೂ ಒಲೆ ಎಂದವರಲ್ಲ, ಕೊಕ್ಕರೆ ಎಂದೇ ಕರೆಯುವುದು. ಈಗ ಕಾರ್ಖಾನೆ ಇದ್ದ ಜಾಗದಲ್ಲಿ ಲಾರಿಗಳು ನಿಲ್ಲುತ್ತವೆ. ಉಳಿದ ಕೊಕ್ಕರೆಗಳು ಯಾರ ಯಾರದೋ ಹಿತ್ತಿಲಲ್ಲಿ ತುಕ್ಕು ಹಿಡಿದು ಸತ್ತವು. ಆರ್ಫಾಳ ಕೊಕ್ಕರೆಗೆ ಮಾತ್ರ ಒಂದು ಗೀರೂ ಇಲ್ಲ. ವಸಂತ ಬಂತೆಂದರೆ ಕಾರಿಗೆ ಹಚ್ಚುವ ಮೇಣ ಹಚ್ಚಿ ಉಜ್ಜುತ್ತಾಳೆ, ಕೀಲಿಗೆ ಎರಡು ಹನಿ ಎಣ್ಣೆ ಬಿಡುತ್ತಾಳೆ, ಮಳೆಗೆ ಟಾರ್ಪಾಲು, ಉಳಿದ ದಿನ ಕೌದಿ. ನಲವತ್ತೊಂದು ವರ್ಷ ಹೀಗೆ ಸಾಕಿದ್ದಾಳೆ. ಆ ನಲವತ್ತೊಂದು ವರ್ಷದಲ್ಲಿ ಅದು ಒಂದು ದಿನವೂ ಉರಿದದ್ದಿಲ್ಲ.

"ಡೋನಟ್ ಅಂಗಡೀಲಿ ಕೇಳಿದೆ," ಡೋಯಲ್ ಏದುಸಿರು ಬಿಡುತ್ತ ಹೇಳಿದ. "ಗ್ಯಾಸಿನ ಹುಡುಗಿ ಬಂದು ನಿನ್ನ ಹಿತ್ತಿಲಿನ ಕೊಳವೆ ಎಲ್ಲಾ ಪರೀಕ್ಷೆ ಮಾಡಿ ಹೋದಳಂತೆ. ಇವತ್ತು ಇದನ್ನ ಹಚ್ತೀಯಂತೆ. ಊರಿಗೆಲ್ಲಾ ಗೊತ್ತು. ನನಗೊಂದು ಮಾತು ಹೇಳಿದ್ಯಾ ನೀನು?"

"ಹೇಳೋಣ ಅಂತಾನೇ ಇದ್ದೆ ಕಣೋ. ನೀನು ಎಂದಿನ ಹಾಗೆ ಹನ್ನೊಂದಕ್ಕೆ ಬರ್ತೀಯ ಅಂದ್ಕೊಂಡೆ."

"ಹನ್ನೊಂದಕ್ಕೆ ಬಂದಿದ್ರೆ ಬೂದಿ ತೋರಿಸ್ತಿದ್ದೆ ನೀನು!"

"ಗ್ಯಾಸಿಗೆ ಎಲ್ಲಿ ಬೂದಿ? ಅದು ನಿನ್ನ ಇದ್ದಿಲಿನ ಪೀಪಾಯಿಗೆ."

ಅಡುಗೆಮನೆಯ ಮೆಟ್ಟಿಲ ಮೇಲಿಂದ ಕಿಸಕ್ಕನೆ ನಗು ಬಂತು. ಅಲ್ಲಿ ಕೂತಿದ್ದವನು ಕ್ಲೀಟಸ್ ಬ್ಯಾಂಕ್ಸ್. ಮೂವರಲ್ಲಿ ಕಿರಿಯ, ಎಪ್ಪತ್ತನಾಲ್ಕು. ಕಾರ್ಖಾನೆಯಲ್ಲಿ ಬರ್ನರ್ ಜೋಡಿಸುತ್ತಿದ್ದವನು. ಈಗ ಕಣ್ಣು ಮಂಜಾಗಿ, ಬೆರಳಿನಲ್ಲೇ ಲೋಕ ನೋಡುತ್ತಾನೆ. "ಡೋಯಲ್, ಕೂತ್ಕೋ ಮಾರಾಯ," ಅಂದ. "ಉಪ್ಪಿನಕಾಯಿ ಸೌತೆ ತಿನ್ನು. ಬಿಪಿ ಇಳಿಯುತ್ತೆ."

"ಉಪ್ಪಿನಕಾಯಿ ತಿಂದ್ರೆ ಬಿಪಿ ಇಳಿಯುತ್ತೇನೋ ದಡ್ಡ?"

"ನನಗೇನು ಗೊತ್ತು, ಜೋರಾಗಿ ಕೂಗೋದಂತೂ ನಿಲ್ಲುತ್ತೆ."

ಆರ್ಫಾಳಿಗೆ ನಗು ತಡೆಯಲಿಲ್ಲ. ಇವತ್ತು ಅವಳಿಗೆ ಎಲ್ಲದಕ್ಕೂ ನಗು. ಬೆಳಗಿನ ಐದಕ್ಕೇ ಎಚ್ಚರವಾಗಿ, ಜಾತ್ರೆಗೆ ಹೊರಟ ಹುಡುಗಿಯ ಹಾಗೆ ಮಂಚದ ಮೇಲೆ ಕಾಲು ಕುಣಿಸುತ್ತ ಕೂತಿದ್ದಳು. ಎಂಬತ್ತೊಂದರ ಮೊಣಕಾಲು ಇವತ್ತು ನೋಯುವುದನ್ನು ಮರೆತಿತ್ತು. ಮಾಂಸದ ಬಿಲ್ಲೆ ತಟ್ಟಿ ತಣ್ಣಗಿಟ್ಟಾಗಿತ್ತು, ಆಲೂಗಡ್ಡೆ ಕಲಸಿಟ್ಟಾಗಿತ್ತು, ಬಿಳಿ ಬ್ರೆಡ್ಡಿನ ಹೊಸ ಪೊಟ್ಟಣ ಮೇಜಿನ ಮೇಲೆ ತಯಾರಾಗಿತ್ತು. ಬೆಂಕಿಕಡ್ಡಿಯ ಪೊಟ್ಟಣವನ್ನು ಏಪ್ರನ್ನಿನ ಜೇಬಿನಲ್ಲಿ ಎಷ್ಟು ಸಲ ಮುಟ್ಟಿ ನೋಡಿಕೊಂಡಿದ್ದಳೋ ಅವಳಿಗೇ ಲೆಕ್ಕವಿಲ್ಲ.

ಜೂನ್ ತಿಂಗಳ ಮೊದಲ ಶನಿವಾರ ಕೊನೆಯ ಪಾಳಿಯವರು ಆರ್ಫಾಳ ಹಿತ್ತಿಲಲ್ಲಿ ಸೇರುವುದು ಕಾರ್ಖಾನೆ ಮುಚ್ಚಿದ ವರ್ಷದಿಂದ ನಡೆದುಬಂದ ಪದ್ಧತಿ. ಮುಚ್ಚಿದ ದಿನ ಸಾಲಿನಿಂದ ಹೊರಬಂದ ಕೊನೆಯ ಕೊಕ್ಕರೆ ಇದು. ಅವತ್ತು ಮೂವತ್ತೊಂದು ಜನ ಅದರ ಮುಚ್ಚಳದ ಒಳಮೈ ಮೇಲೆ ಹಳದಿ ಮೇಣದ ಪೆನ್ಸಿಲಿನಲ್ಲಿ ತಮ್ಮ ತಮ್ಮ ಹೆಸರು ಬರೆದರು. ಕಾರ್ಖಾನೆ ಮತ್ತೆ ತೆರೆದ ದಿನ ಇದನ್ನು ಹಚ್ಚೋಣ ಅಂದರು, ಅಲ್ಲಿಯವರೆಗೆ ಆರ್ಫಾ ನೋಡಿಕೊಳ್ಳಲಿ ಅಂದರು. ಅಲ್ಲಿಂದೀಚೆಗೆ ಪ್ರತಿವರ್ಷ ಮುಚ್ಚಳ ಎತ್ತಿ ಹಾಜರಿ ಕೂಗುತ್ತಾರೆ. ಬದುಕಿರುವವರು "ಹಾಜರ್" ಅನ್ನುತ್ತಾರೆ. ಇಲ್ಲದವರ ಹೆಸರಿಗೆ ಹತ್ತಿರದವರು ಯಾರಾದರೂ "ಪಾಳಿ ಮುಗೀತು" ಅನ್ನುತ್ತಾರೆ. ಆಮೇಲೆ ಮುಚ್ಚಳ ಹಾಕಿ, ಡೋಯಲ್‌ನ ಇದ್ದಿಲಿನ ಪೀಪಾಯಿಯಲ್ಲಿ ಸುಟ್ಟದ್ದನ್ನು ತಿಂದು ಮನೆಗೆ ಹೋಗುವುದು. ಈ ಚಳಿಗಾಲದಲ್ಲಿ ವೆಲ್ಡಾ ಹೋದಳು. ಮೂವತ್ತೊಂದು ಜನರಲ್ಲಿ ಉಳಿದವರು ಮೂವರು.

"ಇನ್ನು ಯಾವ ಕಾರ್ಖಾನೆ ತೆರೆಯುತ್ತೆ ಡೋಯಲ್?" ಆರ್ಫಾ ಮೆಲ್ಲಗೆ ಕೇಳಿದಳು. "ಅಲ್ಲಿ ಲಾರಿ ತೊಳೀತಾರೆ."

"ತೊಳೀಲಿ ಬಿಡು. ನನಗೆ ಕಾರ್ಖಾನೆ ಯಾಕೆ?" ಡೋಯಲ್ ಊರುಗೋಲಿನಿಂದ ಮುಚ್ಚಳದತ್ತ ತೋರಿಸಿದ. "ಒಳಗೆ ಇದಾಳೆ ನನ್ನ ಹೆಂಡತಿ, ನನ್ನ ಮ್ಯಾಕ್ಸೀನ್. ಎಡಗಡೆ ಕೀಲಿನ ಹತ್ತಿರ. ಮೇಣದಲ್ಲಿ ಬರೆದದ್ದು ಕಣೇ ಅದು, ಉರಿ ಹತ್ತಿದ್ರೆ ಎರಡು ನಿಮಿಷ ನಿಲ್ಲಲ್ಲ. ನದಿ ನನ್ನ ಮನೆಗೆ ನುಗ್ಗಿದ ವರ್ಷ ಅವಳ ಕಾಗದ, ಅಡುಗೆ ಬರೆದಿಟ್ಟ ಚೀಟಿ, ಬೈಬಲ್ಲಿನ ಅಂಚಲ್ಲಿ ಗೀಚಿದ್ದು, ಎಲ್ಲಾ ಕೆಸರಾಯ್ತು. ಅವಳ ಕೈಬರಹ ಅಂತ ಈ ಭೂಮಿ ಮೇಲೆ ಇರೋದು ಇದೊಂದೇ ಕಡೆ. ಗೊತ್ತಿಲ್ವಾ ನಿನಗೆ?"

"ಗೊತ್ತು. ಫೋನಲ್ಲಿ ಫೋಟೋ ತೆಗೆದಿಟ್ಟಿದೀನಿ."

"ಫೋಟೋದಲ್ಲಿ ಬೆರಳಾಡಿಸಿದ್ರೆ ಗಾಜು ಸಿಗುತ್ತೆ. ಇಲ್ಲಿ ಬೆರಳಾಡಿಸಿದ್ರೆ ಅವಳು ಎಲ್ಲಿ ಒತ್ತಿ ಬರೆದಳು ಅಂತ ಸಿಗುತ್ತೆ."

ಆರ್ಫಾ ಹೇಳುವುದಕ್ಕೆಂದು ಆರು ತಿಂಗಳಿಂದ ಕೂಡಿಸಿಟ್ಟ ಮಾತು ಬೇರೆಯೇ ಇತ್ತು. ಅವಳು ಕಂಬದ ಕಡೆ ಬಾಗಿ, ತಂತಿಯಲ್ಲಿ ಕಟ್ಟಿ ನೇತಾಡುತ್ತಿದ್ದ ಹಳೆಯ ರಟ್ಟಿನ ಚೀಟಿಯನ್ನು ಬಿಚ್ಚಿದಳು. ಕಾರ್ಖಾನೆಯ ಪ್ರತಿಯೊಂದು ಕೊಕ್ಕರೆಯ ಕೊರಳಿಗೂ ಇಂಥ ಒಂದು ಚೀಟಿ ಇರುತ್ತಿತ್ತು, ಅದಿಲ್ಲದೆ ಗೇಟು ದಾಟುವಂತಿರಲಿಲ್ಲ. ಕೊನೆಯ ಪರೀಕ್ಷೆಯ ಮೇಜಿನ ಹತ್ತಿರ ಹದಿನೇಳು ವರ್ಷ ನಿಂತವಳು ಆರ್ಫಾ. ಅವಳ ನಂಬರೂ ಹದಿನೇಳೇ.

"ಕೈ ಮುಂದೆ ಮಾಡು. ಓದು ಇದನ್ನ," ಅಂದಳು.

ಡೋಯಲ್ ಕನ್ನಡಕ ಹಣೆಗೇರಿಸಿ, ಚೀಟಿಯನ್ನು ಮೂಗಿನ ಹತ್ತಿರ ಹಿಡಿದ. "ಜ್ವಾಲೆ: ನೀಲಿ, ಸರಿ. ಬ್ರೆಡ್ಡು: ಹದಿನೈದಕ್ಕೆ ಹದಿನೈದು. ಪರೀಕ್ಷಿಸಿದವರು: ಹದಿನೇಳು. ಏನೀಗ? ಎಲ್ಲಾ ಚೀಟೀಲೂ ಇರೋದೇ ಇದು."

"ಇದು ಸುಳ್ಳು."

ಬೇಲಿಯಾಚೆ ಯಾರದೋ ಹುಲ್ಲು ಕತ್ತರಿಸುವ ಯಂತ್ರ ಗುರುಗುಟ್ಟುತ್ತಿತ್ತು.

"ಅವತ್ತು ಮಧ್ಯಾಹ್ನ ಹನ್ನೆರಡಕ್ಕೇ ಕಾರ್ಖಾನೆ ಗ್ಯಾಸು ನಿಲ್ಲಿಸಿದ್ರು," ಆರ್ಫಾ ಹೇಳಿದಳು. ಮಾತು ಒಮ್ಮೆ ಹೊರಬಿದ್ದ ಮೇಲೆ ಒಂದರ ಹಿಂದೊಂದು ಓಡೋಡಿ ಬಂತು. "ಇದು ನನ್ನ ಮೇಜಿಗೆ ಬಂದಾಗ ಎರಡೂ ಮುಕ್ಕಾಲು. ಕಡ್ಡಿ ಗೀರಿದೆ, ನಲ್ಲಿ ತಿರುಗಿಸಿದೆ, ಉಸಿರೇ ಇಲ್ಲ. ಎಲ್ಲರೂ ಅಳ್ತಾ, ನಗ್ತಾ, ಹೆಸರು ಬರೀತಾ ಇದ್ರು. ಮ್ಯಾಕ್ಸೀನ್ 'ಬೇಗ ಬೇಗ' ಅಂತಿದ್ಲು. ಚೀಟಿ ಇಲ್ಲದೆ ಗೇಟಿನವನು ಹೊರಗೆ ಬಿಡಲ್ಲ. ನಾನು ಬರೆದುಬಿಟ್ಟೆ. ನೀಲಿ ಅಂತ ಬರೆದೆ, ಹದಿನೈದು ಅಂತ ಬರೆದೆ, ನಂಬರು ಹಾಕಿದೆ. ಲಕ್ಷಕ್ಕೂ ಮೇಲೆ ಒಲೆ ಹಚ್ಚಿದೀನಿ ಡೋಯಲ್. ಜ್ವಾಲೆಯ ತುದೀಲಿ ಸಾಸಿವೆಯಷ್ಟು ಹಳದಿ ಕಂಡ್ರೂ ವಾಪಸ್ ಕಳಿಸಿದೀನಿ. ನಿನ್ನ ಎರಕದಲ್ಲಿ ಕೂದಲೆಳೆ ಬಿರುಕಿದ್ರೆ ನಿನ್ನ ಮುಖದ ಮೇಲೆ ಹೇಳಿದೀನಿ..."

"ಹೇಳೋದೇನು, ಊರಿಗೆಲ್ಲಾ ಕೇಳೋ ಹಾಗೆ ಕೂಗಿದೀಯ!"

"ಈ ಒಂದನ್ನ ಮಾತ್ರ ಹಚ್ಚದೆ ಪಾಸು ಮಾಡಿದೆ. ಪ್ರತಿವರ್ಷ ಮೇಣ ಉಜ್ಜುವಾಗ ಆ ಚೀಟಿ ನನ್ನ ಮೊಣಕೈಗೆ ತಾಗುತ್ತೆ. ನಾನು ಹೋದ ಮೇಲೆ ಅದು ಹಾಗೇ ನೇತಾಡ್ತಾ ಇರುತ್ತೆ. ಅದನ್ನ ನಿಜ ಮಾಡಿ ಹೋಗ್ಬೇಕು ಕಣೋ. ಅಷ್ಟೇ ನನಗೆ ಬೇಕಿರೋದು."

ಡೋಯಲ್ ಏನೋ ಹೇಳಲು ಬಾಯಿ ತೆರೆದ. ಅಷ್ಟರಲ್ಲಿ ಮೆಟ್ಟಿಲ ಮೇಲಿಂದ ಕ್ಲೀಟಸ್ ಶಾಂತವಾಗಿ, "ನನಗೆ ಗೊತ್ತಿತ್ತು, ಮಿಸ್ ಆರ್ಫಾ," ಅಂದ.

"ಏನು ಗೊತ್ತಿತ್ತು?"

"ಹನ್ನೆರಡಕ್ಕೆ ದೊಡ್ಡ ನಲ್ಲಿ ತಿರುಗಿಸಿ ಗ್ಯಾಸು ನಿಲ್ಲಿಸಿದವನು ನಾನೇ ಅಲ್ವಾ. ಎರಡೂ ಮುಕ್ಕಾಲಿಗೆ ನೀವು ನೀಲಿ ಅಂತ ಬರೆಯೋದನ್ನ ಪಕ್ಕದಲ್ಲೇ ನಿಂತು ನೋಡ್ತಿದ್ದೆ. ಆಗ ಕಣ್ಣು ಚೆನ್ನಾಗಿತ್ತು."

ಆರ್ಫಾಳ ಕಿವಿಯವರೆಗೆ ಬಿಸಿ ಏರಿತು. "ನಲವತ್ತೊಂದು ವರ್ಷ! ಒಂದು ಮಾತು ಹೇಳಲಿಲ್ವಲ್ಲೋ!"

"ನೀವು ನನ್ನ ಅಂಗಿ ಗುಂಡಿ ಬಿಟ್ಟಿದ್ರೂ ಬರೆದುಕೊಳ್ತಿದ್ರಿ. ಇಂಥದ್ದೊಂದು ನನ್ನ ಹತ್ರ ಇರಲಿ, ಯಾವತ್ತಾದ್ರೂ ಕೆಲಸಕ್ಕೆ ಬರುತ್ತೆ ಅಂತ ಇಟ್ಕೊಂಡೆ. ಆ ಯಾವತ್ತಾದ್ರೂ ಬರಲೇ ಇಲ್ಲ."

ಮೊದಲು ನಕ್ಕವನು ಡೋಯಲ್. ಅವನ ನಗು ಹೊಟ್ಟೆಯಿಂದ ಎದ್ದು, ಊರುಗೋಲನ್ನು ಅಲ್ಲಾಡಿಸಿ, ಕೆಮ್ಮಾಗಿ ಕಣ್ಣೀರಾಯಿತು. "ಮೇಡಂ ಇನ್ಸ್‌ಪೆಕ್ಟರ್!" ಅಂದ. "ಮೇಡಂ ಇನ್ಸ್‌ಪೆಕ್ಟರ್ ಕಳ್ಳ ಸಹಿ ಹಾಕಿದಾರೆ! ಅಯ್ಯೋ, ಇದನ್ನ ಕೇಳೋಕೆ ಮ್ಯಾಕ್ಸೀನ್ ಇರಬೇಕಿತ್ತು." ಹೆಸರು ಬಾಯಿಗೆ ಬಂದದ್ದೇ ನಗು ನಿಂತಿತು. ಊರುಗೋಲಿನ ತುದಿಯಿಂದ ಹುಲ್ಲು ಕೆದಕಿದ. ಆಮೇಲೆ, "ಹಚ್ಚು," ಅಂದ. "ಮುಚ್ಚಳ ತೆಗೆದೇ ಇಟ್ಟು ಹಚ್ಚು. ಜ್ವಾಲೆ ನೋಡ್ಕೋ. ಬ್ರೆಡ್ಡು ಬೇಡ. ಅರ್ಧ ಚೀಟಿ ನಿಜವಾಗಲಿ, ಇನ್ನರ್ಧ ನಿನ್ನ ಹಣೇಬರಹ."

ಬ್ರೆಡ್ಡಿನ ಪರೀಕ್ಷೆಗೆ ಮುಚ್ಚಳ ಹಾಕಲೇಬೇಕು, ಹಾಕಿದರೆ ಹೆಸರುಗಳು ಕರಗುತ್ತವೆ. ಅದು ಮೂವರಿಗೂ ಗೊತ್ತು. ಆರ್ಫಾ ತಲೆಯಾಡಿಸಿದಳು. ಅರ್ಧ ಸಿಕ್ಕಿತಲ್ಲ.

ಮುಚ್ಚಳವನ್ನು ಹಿಂದಕ್ಕೆ ಎತ್ತಿ ನಿಲ್ಲಿಸಿದಳು. ಒಳಗಡೆ ಮೂವತ್ತೊಂದು ಹೆಸರು, ಮೊನ್ನೆ ಬರೆದಷ್ಟು ಹಳದಿ. ಜಾಲರಿಯನ್ನು ತೆಗೆದು ಹುಲ್ಲಿನ ಮೇಲಿಟ್ಟಳು. ಕ್ಲೀಟಸ್ ಕಂಬ ತಡವಿಕೊಂಡು ಬಂದು ನಲ್ಲಿಯ ಪಕ್ಕ ಮೊಣಕಾಲೂರಿದ. ಪೆಟ್ಟಿಗೆಯ ಪಕ್ಕದಲ್ಲಿ ಕಡ್ಡಿ ತೂರಿಸುವ ಸಣ್ಣ ತೂತಿದೆ. ಮೊದಲು ಕಡ್ಡಿ, ಆಮೇಲೆ ಗ್ಯಾಸು, ಆಮೇಲೆ ಎಣಿಕೆ. ಮೂರು ಎಣಿಸುವುದರೊಳಗೆ ಉರಿ ಬರ್ನರನ್ನು ಪೂರ್ತಿ ಸುತ್ತಿ ಬಂದಿರಬೇಕು. ಇದು ಕಾರ್ಖಾನೆಯ ನಿಯಮ.

"ತಯಾರಾ?"

"ತಯಾರು, ಮಿಸ್ ಆರ್ಫಾ."

ಕಡ್ಡಿ ಗೀರಿ ತೂರಿಸಿದಳು. "ಬಿಡು! ಒಂದು... ಎರಡು... ಮೂರು..."

ಏನೂ ಆಗಲಿಲ್ಲ. ಎಲ್ಲೋ ದೂರದಲ್ಲಿ ಹಾವು ನಿದ್ದೆಯಲ್ಲಿ ಮಗ್ಗುಲಾದಂಥ ಒಂದು ಸಣ್ಣ ಸುಯ್ ಅಷ್ಟೇ. ಕಡ್ಡಿ ಉರಿದು ಬೆರಳು ಸುಟ್ಟಿತು. ಕ್ಲೀಟಸ್ ತಟ್ಟನೆ ನಲ್ಲಿ ಮುಚ್ಚಿದ.

"ನೋಡಿದ್ಯಾ?" ಡೋಯಲ್ ಗೆದ್ದವನ ಹಾಗೆ ಊರುಗೋಲು ಕುಟ್ಟಿದ. "ಕೊಕ್ಕರೆಗೇ ಇಷ್ಟ ಇಲ್ಲ. ನಾನು ಹೇಳ್ಲಿಲ್ವಾ? ಗ್ಯಾಸ್ ಮೇಲೆ ಸುಡೋದು ಅಂದ್ರೆ ಅಡುಗೆಮನೇನ ಎತ್ತಿ ಅಂಗಳಕ್ಕೆ ತಂದಿಟ್ಟ ಹಾಗೆ. ಹೊಟ್ಟೆಪಾಡಿಗೆ ಎರಕ ಹೊಯ್ದೆ, ತಿನ್ನೋದು ಮಾತ್ರ ಇದ್ದಿಲಲ್ಲೇ."

"ನೀನು ಹೊಯ್ದ ಎರಕ ಸರಿ ಇದೆ, ಬಾಯಿ ಮುಚ್ಕೋ. ಕ್ಲೀಟಸ್, ಏನಾಯ್ತು?"

ಕ್ಲೀಟಸ್‌ನ ಬೆರಳುಗಳು ಪೆಟ್ಟಿಗೆಯ ಕೆಳಗೆ ಹೋಗಿದ್ದವು. ನಲ್ಲಿ, ಮೂತಿ, ಮೂತಿಯಿಂದ ಬರ್ನರಿಗೆ ಗ್ಯಾಸು ಒಯ್ಯುವ ಮೊಳಕೈಯುದ್ದದ ಕೊಳವೆ. ಒಂದೊಂದನ್ನೂ ಹಳೆಯ ಸ್ನೇಹಿತರ ಬೆನ್ನು ತಟ್ಟುವಂತೆ ಮುಟ್ಟುತ್ತ ಬಂದ. ಕೊಳವೆಯ ತೆರೆದ ಬಾಯಲ್ಲಿ ಬೆರಳು ನಿಂತಿತು. ಅವನ ಮುಖದ ಮೇಲೆ ನಿಧಾನವಾಗಿ ನಗು ಅರಳಿತು.

"ಮಿಸ್ ಆರ್ಫಾ, ನಿಮ್ಮ ಕೊಕ್ಕರೆ ಹೊಟ್ಟೇಲಿ ಬಾಡಿಗೆಗೆ ಯಾರೋ ಇದಾರೆ."

ತಂತಿಗೆ ಬಟ್ಟೆ ಸುತ್ತಿ ಒಳಗೆ ತೂರಿಸಿ ತಿರುಗಿಸಿದ. ಹೊರಬಂದದ್ದು ಹತ್ತಿಯ ಉಂಡೆಯಂಥ ಬಿಳೀ ಬಲೆ, ಅದರ ಹಿಂದೆ ಇನ್ನೊಂದು, ಅದರ ಹಿಂದೆ ಮೊಟ್ಟೆಯ ಚೀಲ, ಕೊನೆಗೆ ಮನೆ ಕಳೆದುಕೊಂಡ ಸಿಟ್ಟಿನಲ್ಲಿ ಒಂದು ಹಳದಿ ಜೇಡ. ಅದು ನೇರ ಡೋಯಲ್‌ನ ಬೂಟಿನ ಕಡೆ ಓಡಿತು. ಡೋಯಲ್ ಹತ್ತು ವರ್ಷದಿಂದ ನೆಗೆದಿರದಷ್ಟು ಎತ್ತರಕ್ಕೆ ನೆಗೆದ.

ಆರ್ಫಾ ತಲೆಯ ಮೇಲೆ ಕೈಯಿಟ್ಟುಕೊಂಡಳು. ಗ್ಯಾಸಿನ ವಾಸನೆಗೆ ಜೇಡ ಬಂದು ಕೊಳವೆಯೊಳಗೆ ಬಲೆ ಕಟ್ಟುತ್ತದೆ ಎಂದು ಕಾರ್ಖಾನೆಗೆ ಹೊಸದಾಗಿ ಸೇರಿದ ಪ್ರತಿಯೊಬ್ಬರಿಗೂ ಪಾಠ ಹೇಳಿದವಳು ಅವಳೇ. ಕೊಳವೆಯ ಬಾಯಿಗೆ ಜಾಲರಿ ಹಾಕಿ ಎಂದು ಮೇಲಿನವರ ಹತ್ತಿರ ಮೂರು ಸಲ ಜಗಳವಾಡಿದವಳೂ ಅವಳೇ. ಹೋದ ವಾರ ಗ್ಯಾಸಿನ ಹುಡುಗಿ ನಲ್ಲಿಯವರೆಗೆ ನೋಡಿ, "ಮುಂದಿನದು ನಿಮ್ಮದು, ಅಜ್ಜಿ" ಅಂದಾಗ, "ನನಗೆ ಹೇಳಿಕೊಡ್ತೀಯಾ?" ಎಂದು ನಕ್ಕಿದ್ದಳು.

"ನಲವತ್ತೊಂದು ವರ್ಷ ಹೊರಗಡೆ ಮೇಣ ಉಜ್ಜಿದಳು," ಡೋಯಲ್ ಬೇಲಿ ಹಿಡಿದು ಸುಧಾರಿಸಿಕೊಳ್ಳುತ್ತ ಹೇಳಿದ. "ಒಳಗೆ ಜೇಡದ ವಂಶ ಬೆಳೆಸಿದಳು. ಮೊಮ್ಮಕ್ಕಳು ಮರಿಮಕ್ಕಳು ಎಲ್ಲಾ ಇದಾರೆ ಅಲ್ಲಿ! ಬೇರೆಯವರ ಕೊಕ್ಕರೆ ಆಗಿದ್ರೆ ಏನು ಬರೀತಿದ್ಯೇ ಚೀಟೀಲಿ?"

"ವಾಪಸ್ ಕಳಿಸ್ತಿದ್ದೆ," ಆರ್ಫಾ ಒಪ್ಪಿಕೊಂಡಳು. "ಮಾಡಿದವನ ಹೆಸರು ಹಿಡಿದು ಕೂಗಿ ವಾಪಸ್ ಕಳಿಸ್ತಿದ್ದೆ."

"ಹಾಗಾದ್ರೆ ಕೂಗು."

ಆರ್ಫಾ ಆಕಾಶದ ಕಡೆ ಮುಖ ಮಾಡಿ, ಹಳೆಯ ಪರೀಕ್ಷೆಯ ಮೇಜಿನ ಗಂಟಲಲ್ಲಿ ಕೂಗಿದಳು: "ಆರ್ಫಾ ಟಿಡ್ವೆಲ್! ಕೊಳವೆ ಕಟ್ಟಿದೆ! ವಾಪಸ್!" ಬೇಲಿಯಾಚೆಯ ಯಂತ್ರ ಗಕ್ಕನೆ ನಿಂತಿತು. ಮೂವರೂ ಬಾಯಿಗೆ ಕೈ ಅಡ್ಡ ಹಿಡಿದು ಶಾಲೆಯ ಮಕ್ಕಳ ಹಾಗೆ ನಕ್ಕರು.

ಕ್ಲೀಟಸ್ ಕೊಳವೆಯನ್ನು ಇನ್ನೆರಡು ಸಲ ಗುಡಿಸಿದ. ಅದರ ಬಾಯಿಗೆ ತುಟಿಯಿಟ್ಟು ಊದಿದ. ಬರ್ನರಿನ ಒಂದೊಂದು ತೂತಿನ ಮೇಲೂ ಅಂಗೈ ಹಿಡಿದು ಗಾಳಿ ಬರುವುದನ್ನು ನೋಡಿದ. ಆರ್ಫಾ ಪಾತ್ರೆಯ ಸೋಪಿನ ನೊರೆಯನ್ನು ಕೀಲುಗಳಿಗೆ ಹಚ್ಚಿದಳು. ಒಂದು ಗುಳ್ಳೆಯೂ ಏಳಲಿಲ್ಲ. ಡೋಯಲ್ ದೂರದಲ್ಲಿ ನಿಲ್ಲುತ್ತೇನೆ ಎಂದವನು ಒಂದೊಂದೇ ಹೆಜ್ಜೆ ಹತ್ತಿರ ಬಂದು, ಈಗ ಆರ್ಫಾಳ ಭುಜದ ಮೇಲಿಂದ ಕತ್ತು ಚಾಚಿದ್ದ. ಅವನ ಉಸಿರು ಅವಳ ಕಿವಿಗೆ ತಾಗುತ್ತಿತ್ತು.

"ಬಿಡು! ಒಂದು..."

ಫುಪ್ಪ್ ಎಂದಿತು. ಕಡ್ಡಿಯ ತುದಿಯಿಂದ ಒಂದು ನೀಲಿ ಮೊಗ್ಗು ಹಾರಿ ಪಕ್ಕದ ತೂತಿಗೆ ಕೂತಿತು, ಅಲ್ಲಿಂದ ಅದರ ಪಕ್ಕಕ್ಕೆ, ಅಲ್ಲಿಂದ ಮೂಲೆ ತಿರುಗಿ, ಹಬ್ಬದ ದೀಪದ ಸಾಲು ಹತ್ತಿದ ಹಾಗೆ ಇಡೀ ಬರ್ನರನ್ನು ಸುತ್ತಿ ಬಂದು ತನ್ನ ಬಾಲವನ್ನು ತಾನೇ ಹಿಡಿಯಿತು. ಎರಡು ಎನ್ನುವುದಕ್ಕೂ ಬಿಡುವಿರಲಿಲ್ಲ.

"ಹೇಳಿ, ಹೇಳಿ," ಕ್ಲೀಟಸ್ ಕೆಳಗಿಂದ ಕೂಗಿದ. "ಬಣ್ಣ ಹೇಳಿ!"

"ನೀಲಿ," ಆರ್ಫಾ ಕೂಗಿದಳು. "ನೀಲಿ ಕಣೋ! ಒಂದು ಚೂರೂ ಹಳದಿ ಇಲ್ಲ. ನಿನ್ನ ಬರ್ನರು, ಕ್ಲೀಟಸ್, ನೀನು ಜೋಡಿಸಿದ್ದು, ಇಲಿಹಲ್ಲಿನಷ್ಟು ಸಮ ಇದೆ!"

"ನಾನು ಹೇಳ್ಲಿಲ್ವಾ!" ಎಂದು ಕ್ಲೀಟಸ್ ಹುಲ್ಲಿನ ಮೇಲೆ ಹಾಗೇ ಕೂತು ಎರಡೂ ಕೈಯಿಂದ ತೊಡೆ ಬಾರಿಸಿದ. ಡೋಯಲ್ ಬಾಗಿ, ತಾನು ನಲವತ್ತೊಂದು ವರ್ಷದ ಹಿಂದೆ ಹೊಯ್ದ ಪೆಟ್ಟಿಗೆಯ ಅಂಚಿಗೆ ಬೆರಳು ತಾಗಿಸಿ ತೆಗೆದ, ಮತ್ತೆ ತಾಗಿಸಿದ.

"ಬಿಸಿ ಏರ್ತಾ ಇದೆ," ಅಂದ. "ಸೊಟ್ಟ ಆಗ್ತಿಲ್ಲ. ನಾನು ಕೊನೇದಾಗಿ ಹೊಯ್ದ ಎರಕ ಇದು. ಅವತ್ತು ಲೋಹ ಸ್ವಲ್ಪ ತಣ್ಣಗಿತ್ತು, ಬಿಸಿಗೆ ಬಿರುಕು ಬಿಡುತ್ತೇನೋ ಅಂತ... ನಾನೂ ನೋಡಿರ್ಲಿಲ್ಲ ನೋಡು." ಆಮೇಲೆ ತಲೆಯೆತ್ತದೆ, "ಹಾಜರಿ ಕೂಗು," ಅಂದ.

"ಈಗಲಾ?"

"ಈಗಲೇ. ಕೂಗು."

ಆರ್ಫಾ ಮುಚ್ಚಳದ ಒಳಮೈ ನೋಡುತ್ತ ಓದಿದಳು. ಹೆಸರು ಹೆಸರಿಗೂ ಕ್ಲೀಟಸ್ "ಪಾಳಿ ಮುಗೀತು" ಅನ್ನುತ್ತ ಹೋದ. ವೆಲ್ಡಾಳ ಹೆಸರು ಬಂದಾಗ ದನಿ ಸ್ವಲ್ಪ ತಗ್ಗಿತು. ಕ್ಲೀಟಸ್ ತನ್ನ ಹೆಸರಿಗೆ "ಹಾಜರ್" ಅಂದ. ಆರ್ಫಾ ತನ್ನ ಹೆಸರು ತಾನೇ ಓದಿ ತಾನೇ "ಹಾಜರ್" ಅಂದಳು. ಡೋಯಲ್ ಊರುಗೋಲೆತ್ತಿ "ಹಾಜರ್" ಅಂದ. ಕೊನೆಗೆ ಉಳಿದದ್ದು ಎಡಗಡೆ, ಕೀಲಿನ ಹತ್ತಿರ, ದೊಡ್ಡ ಅಕ್ಷರದ ಬಾಗಿದ ಹೆಸರು.

"ಮ್ಯಾಕ್ಸೀನ್ ಪೆಟಸ್."

ಅವಳು ತೀರಿಹೋದ ಮೇಲಿನ ಆರು ವರ್ಷವೂ ಆ ಹೆಸರಿಗೆ ಡೋಯಲ್ ಜೋರಾಗಿ "ಹಾಜರ್" ಅಂದಿದ್ದ. ಯಾರೂ ತಿದ್ದಿರಲಿಲ್ಲ. ಆರ್ಫಾ ಈಗಲೂ ಅದಕ್ಕೇ ಕಾದಳು. ನೀಲಿ ಉರಿ ಸುಯ್ಯೆನ್ನುತ್ತಿತ್ತು. ಡೋಯಲ್ ಕೈ ಚಾಚಿ ಆ ಹೆಸರಿನ ಮೇಲೆ ಹೆಬ್ಬೆರಳಾಡಿಸಿದ, ಮೊದಲ ಅಕ್ಷರದಿಂದ ಕೊನೆಯದರವರೆಗೆ, ಅವಸರವಿಲ್ಲದೆ.

"ಪಾಳಿ ಮುಗೀತು," ಅಂದ. ಆಮೇಲೆ, "ಬ್ರೆಡ್ಡು ತಗೊಂಡು ಬಾರೇ. ಅರ್ಧ ಪರೀಕ್ಷೆ ಅಂತೆ! ಅವಳು ಇದ್ದಿದ್ರೆ ನನ್ನ ಉಗೀತಿದ್ಲು," ಅಂದ.

ಆರ್ಫಾ ಓಡಿದಳು. ಎಂಬತ್ತೊಂದರ ಓಟ ಎಷ್ಟೋ ಅಷ್ಟು. ಜಾಲರಿ ಕೂರಿಸಿ, ಐದೈದರಂತೆ ಮೂರು ಸಾಲು, ಹದಿನೈದು ಬಿಳಿ ಬ್ರೆಡ್ಡಿನ ತುಂಡು ಹಾಸಿದಳು. ಎಲ್ಲ ತುಂಡೂ ಒಂದೇ ಸಮ ಕೆಂಪಾದರೆ ಒಲೆಯ ಉರಿ ಎಲ್ಲ ಕಡೆಗೂ ಸಮ; ಒಂದು ಬಿಳಿಚಿದರೂ, ಒಂದು ಕಲೆಯಾದರೂ ಅದನ್ನು ಲೆಕ್ಕಕ್ಕೆ ಹಿಡಿಯುವಂತಿಲ್ಲ. ಮುಚ್ಚಳ ಹಾಕಿದವನು ಡೋಯಲ್. ಮಗುವಿಗೆ ಹೊದಿಕೆ ಹೊದಿಸಿದಷ್ಟು ಮೆಲ್ಲಗೆ ಇಳಿಸಿ, ಕೈ ತೆಗೆದು, ಎರಡು ಹೆಜ್ಜೆ ಹಿಂದೆ ನಿಂತ.

ಆರ್ಫಾ ಕಡ್ಡಿಯ ತೂತಿಗೆ ಕಣ್ಣಿಟ್ಟಳು. ಹದಿನೇಳು ವರ್ಷದ ಅಭ್ಯಾಸ. ಮೊದಲು ನೀಲಿ ಮಾತ್ರ ಕಂಡಿತು. ಆಮೇಲೆ ಮೇಲಿನಿಂದ ಏನೋ ಒಂದು ಹನಿ ತುಂಡುಗಳ ಸಂದಿಯಲ್ಲಿ ಉದುರಿ, ನೀಲಿಯಲ್ಲಿ ಚಿಟ್ ಎಂದು ಹಳದಿ ಕಿಡಿಯಾಗಿ ಆರಿತು. ಇನ್ನೊಂದು. ಮತ್ತೆರಡು ಒಟ್ಟಿಗೆ.

"ಎಲ್ಲಾ ನೀಲಿನಾ?" ಕ್ಲೀಟಸ್ ಕೇಳಿದ.

"ಸ್ವಲ್ಪ ಹಳದಿ ಇದೆ."

"ಹಳದಿ ಇದ್ರೆ ನಿಯಮದ ಪ್ರಕಾರ..."

"ಇರು," ಆರ್ಫಾ ಅಂದಳು. "ಇರು, ಆರುತ್ತೆ."

ಅವಳು ಎಣಿಸುತ್ತಿದ್ದಳು. ಎಣಿಕೆ ಎಲ್ಲೋ ತಪ್ಪಿತು. ಕಿಡಿಗಳು ಒಂದೊಂದಾಗಿ ಮಿನುಗಿ, ವಿರಳವಾಗಿ, ನಿಂತವು. ಆಮೇಲೆ ಬರೀ ನೀಲಿ, ಸುಟ್ಟ ಮೇಣದ ವಾಸನೆ, ಅದರ ಹಿಂದಿನಿಂದ ಮೆಲ್ಲಗೆ ಏರಿ ಬಂದ ಬ್ರೆಡ್ಡಿನ ಘಮ.

ಡೋಯಲ್ ಮುಚ್ಚಳ ಎತ್ತಿದ. ಒಳಮೈ ಕಂದಾಗಿ ಬೋಳಾಗಿತ್ತು. ಯಾರೂ ಅತ್ತ ಬಹಳ ಹೊತ್ತು ನೋಡಲಿಲ್ಲ. ಜಾಲರಿಯ ಮೇಲೆ ತುಂಡುಗಳು ಒಂದೇ ಸಮ, ಒಂದೇ ಬಣ್ಣ, ಜೇನಿನ ಹಾಗೆ ಕೆಂಪಾಗಿದ್ದವು. ಹಿಂದಿನ ಸಾಲಿನ ಎಡತುದಿಯ, ಕೀಲಿನ ಹತ್ತಿರದ ಒಂದರ ಮೇಲೆ ಮಾತ್ರ ಬೆರಳುದ್ದದ ಒಂದು ಹಳದಿ ಗೆರೆ ಇಳಿದು ಬಾಗಿತ್ತು.

ಆರ್ಫಾ ಮೇಜಿನ ಮೇಲಿದ್ದ ಚೀಟಿಯನ್ನೂ ಪೆನ್ಸಿಲನ್ನೂ ತರಲು ತಿರುಗಿದಳು. ತಿರುಗಿ ಬರುವಾಗ ಡೋಯಲ್ ಆ ತುಂಡನ್ನು ಕರವಸ್ತ್ರದಲ್ಲಿ ಸುತ್ತುತ್ತಿದ್ದ. ಅದನ್ನು ಅಂಗಿಯ ಎದೆಜೇಬಿಗೆ ಇಳಿಸಿ ಗುಂಡಿ ಹಾಕಿಕೊಂಡ. ಉಳಿದವನ್ನು ಅವಳು ತಟ್ಟೆಗೆ ತೆಗೆದಳು. ಚೀಟಿಯಲ್ಲಿ ಜ್ವಾಲೆಯ ಸಾಲಿನ ಪಕ್ಕ ಇವತ್ತಿನ ತಾರೀಖು ಬರೆದಳು. ಬ್ರೆಡ್ಡಿನ ಸಾಲಿನ ಹತ್ತಿರ ಪೆನ್ಸಿಲು ನಿಂತಿತು. ನಲವತ್ತೊಂದು ವರ್ಷದ ಹಿಂದಿನ ಅವಳದೇ ಅಕ್ಷರ ಅಲ್ಲಿತ್ತು: ಹದಿನೈದಕ್ಕೆ ಹದಿನೈದು.

"ಎಷ್ಟು, ಮಿಸ್ ಆರ್ಫಾ?" ಕ್ಲೀಟಸ್ ಕೇಳಿದ.

"ಹದಿನೈದು."

ಕ್ಲೀಟಸ್ ತಟ್ಟೆಯ ಕಡೆ ಕೈ ಚಾಚಿದ. ಅವನ ಬೆರಳು ಒಂದೊಂದೇ ತುಂಡನ್ನು ಮುಟ್ಟಿಕೊಂಡು ಹೋಗಿ, ಕೊನೆಯದಾದ ಹದಿನಾಲ್ಕನೆಯದರ ಮೇಲೆ ಸ್ವಲ್ಪ ಹೊತ್ತು ನಿಂತಿತು.

"ಸರಿಯಾಗಿದೆ," ಅಂದ.

ಆರ್ಫಾ ಚೀಟಿಯನ್ನು ಮತ್ತೆ ಕಂಬಕ್ಕೆ ಕಟ್ಟಿದಳು. ಡೋಯಲ್ ಅವರಿಗೆ ಬೆನ್ನು ಮಾಡಿ ನದಿಯ ಕಡೆ ನೋಡುತ್ತಿದ್ದ. ಅವನ ಎದೆಜೇಬಿನಿಂದ ಇನ್ನೂ ಸಣ್ಣಗೆ ಹಬೆ ಏಳುತ್ತಿತ್ತು.